ಸಿಂಗಲ್ ಫೇಸ್ ಕರೆಂಟಿನಲ್ಲಿ ತ್ರೀ ಫೇಸ್ ಯಂತ್ರ ಓಡಿಸುವುದು: ಮೊದಲು ಮೋಟರಿನ ಡಬ್ಬಿ ಬಿಚ್ಚಿ

ಹುಬ್ಬಳ್ಳಿಯ ಗೋಕುಲ ರೋಡು, ತಾರಿಹಾಳ, ಧಾರವಾಡದ ಬೇಲೂರು ಕಡೆ ವರ್ಕ್‌ಶಾಪು ಮುಚ್ಚಿದಾಗ ಹಳೇ ಲೇತು, ಪಿಲ್ಲರ್ ಡ್ರಿಲ್ಲು, ಪವರ್ ಹ್ಯಾಕ್ಸಾ ಒಳ್ಳೆ ದರಕ್ಕೆ ಸಿಗುತ್ತವೆ. ತಂದು ಅಣ್ಣಿಗೇರಿಯಲ್ಲೋ ಶಿಗ್ಗಾವಿಯಲ್ಲೋ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ತಕರಾರು ಶುರು: ಮೋಟರು ತ್ರೀ ಫೇಸು, ಶೆಡ್ಡಿಗೆ ಬಂದಿರುವುದು ಒಂದು ಫೇಸು, ಒಂದು ನ್ಯೂಟ್ರಲ್. ಒಂದು ಫೇಸಿನಿಂದ ಮೂರು ಫೇಸು ಮಾಡಿಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಡ್ರೈವ್ ಎನ್ನುತ್ತಾರೆ. ಅಂಗಡಿಗೆ ಹೋಗಿ “ಎರಡು ಎಚ್‌ಪಿಗೆ ಒಂದು ಡ್ರೈವ್ ಕೊಡ್ರಿ” ಎಂದು ಕೇಳುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದು ಮೂರನೆಯ ಕೆಲಸ ಆಗಬೇಕು. ಮೊದಲನೆಯದು ಮೋಟರಿನ ಟರ್ಮಿನಲ್ ಡಬ್ಬಿ ಬಿಚ್ಚಿ ನೋಡುವುದು, ಎರಡನೆಯದು ಶೆಡ್ಡಿಗೆ ಬರುವ ಲೈನು ಅಳೆಯುವುದು. ಈ ಎರಡು ಆಗದೆ ಕೊಂಡ ಡ್ರೈವು ಬಹಳ ಸಲ ಕಪಾಟು ಸೇರುತ್ತದೆ.

ಇಲ್ಲಿ ಬರುವ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ. ಆದರೆ ಏನು ಮಾಡಿಸಬೇಕು ಎಂಬುದು ಯಂತ್ರದ ಮಾಲೀಕನಿಗೆ ಗೊತ್ತಿರಬೇಕು. ಮನೆ ವೈರಿಂಗಿನಲ್ಲಿ ಪಳಗಿದ ಎಷ್ಟೋ ಜನ ಸ್ಟಾರ್-ಡೆಲ್ಟಾ ಪಟ್ಟಿ (ಮೋಟರಿನ ಮೂರು ಕಾಯಿಲುಗಳನ್ನು ಒಂದಕ್ಕೊಂದು ಕೂಡಿಸುವ ಎರಡು ಬಗೆ ಇವು) ಕೈಯಿಂದ ಬದಲಿಸಿದವರಲ್ಲ.

ಡಬ್ಬಿಯೊಳಗೆ ಏನಿದೆ

ನಮ್ಮಲ್ಲಿ ತ್ರೀ ಫೇಸ್ ಎಂದರೆ ಎರಡು ಫೇಸ್‌ಗಳ ನಡುವೆ 415 ವೋಲ್ಟ್, ಸಿಂಗಲ್ ಫೇಸ್ ಎಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 230-240 ವೋಲ್ಟ್. ಎರಡಕ್ಕೂ 50 ಹರ್ಟ್ಜ್. ಸಿಂಗಲ್ ಫೇಸ್ ಒಳಹರಿವಿನ ಸಾಮಾನ್ಯ ಡ್ರೈವು, ಅಂದರೆ ವಿಎಫ್‌ಡಿ, ಮೂರು ಫೇಸು ಮಾಡಿ ಕೊಡುತ್ತದೆ ನಿಜ, ಆದರೆ 230 ವೋಲ್ಟಿನ ಮೂರು ಫೇಸು. ಒಳಗೆ ಬಂದಷ್ಟೇ ವೋಲ್ಟೇಜು ಹೊರಗೆ. 415 ವೋಲ್ಟ್ ಬೇಡುವ ಮೋಟರಿಗೆ 230 ಕೊಟ್ಟರೆ ಅದು ತಿರುಗುವುದೇನೋ ತಿರುಗುತ್ತದೆ. ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಮೂರನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಖಾಲಿ ಓಡುವಾಗ ಎಲ್ಲ ಸರಿ, ಟೂಲು ಕೆಲಸಕ್ಕೆ ತಾಗಿದ ಕೂಡಲೇ ಕೆಲಸದ ತುಂಡು ಹಿಡಿದು ತಿರುಗುವ ಚಕ್ಕು ನಿಲ್ಲುತ್ತದೆ. “ಡ್ರೈವ್ ಡೂಪ್ಲಿಕೇಟ್ ಐತಿ” ಎಂಬ ಬೈಗುಳಕ್ಕೆ ಹೆಚ್ಚಿನ ಸಲ ಇದೇ ಮೂಲ.

ಪರಿಹಾರ ಮೋಟರಿನಲ್ಲೇ ಇದೆ. 415ನ್ನು 1.73ರಿಂದ ಭಾಗಿಸಿದರೆ 240. ಸ್ಟಾರ್ ಜೋಡಣೆಯಲ್ಲಿ 415 ವೋಲ್ಟಿಗೆ ಓಡುವ ಮೋಟರಿನ ಒಂದೊಂದು ಕಾಯಿಲಿಗೂ ನಿಜವಾಗಿ ಸಿಗುವುದು 240 ವೋಲ್ಟೇ. ಅದೇ ಮೋಟರನ್ನು ಡೆಲ್ಟಾಕ್ಕೆ ಬದಲಿಸಿ 230-240 ಕೊಟ್ಟರೆ ಕಾಯಿಲಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ, ಪೂರ್ತಿ ಶಕ್ತಿ ಸಿಗುತ್ತದೆ.

ನೇಮ್‌ಪ್ಲೇಟಿನಲ್ಲಿ ಮೂರು ಸಂಗತಿ ಓದಿ ಬರೆದಿಟ್ಟುಕೊಳ್ಳಿ: ವೋಲ್ಟೇಜು, ಜೋಡಣೆ, ಆಂಪಿಯರ್. ಭಾರತದ ಮೋಟರುಗಳಲ್ಲಿ ಸಾಮಾನ್ಯವಾಗಿ 2 ಎಚ್‌ಪಿವರೆಗೆ 415 ವೋಲ್ಟ್ ಸ್ಟಾರ್, 3 ಎಚ್‌ಪಿಯಿಂದ ಮೇಲೆ 415 ವೋಲ್ಟ್ ಡೆಲ್ಟಾ. ಈ ಒಂದು ಗೆರೆ ಇಡೀ ಕೆಲಸದ ಹಾದಿ ನಿರ್ಧರಿಸುತ್ತದೆ. 2 ಎಚ್‌ಪಿವರೆಗಿನದು ಸುಲಭ. 3 ಎಚ್‌ಪಿ ಆಗಲೇ ಡೆಲ್ಟಾದಲ್ಲಿ ಇರುವುದರಿಂದ ಪಟ್ಟಿ ಬದಲಿಸಿ 230ಕ್ಕೆ ಇಳಿಸಲು ಬರುವುದಿಲ್ಲ. ಅದಕ್ಕೆ ಬೇರೆ ದಾರಿ, ಮುಂದೆ ಹೇಳಿದೆ.

ಕರೆಂಟು ಪೂರ್ತಿ ತೆಗೆದು ಡಬ್ಬಿಯ ಮುಚ್ಚಳ ಬಿಚ್ಚಿ. ಆರು ಬೋಲ್ಟು ಕಂಡರೆ ಅದೃಷ್ಟ. ಕೆಳಸಾಲಿನಲ್ಲಿ ಯು1, ವಿ1, ಡಬ್ಲ್ಯೂ1. ಮೇಲ್ಸಾಲಿನಲ್ಲಿ ಡಬ್ಲ್ಯೂ2, ಯು2, ವಿ2. ಮೇಲ್ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿಯಿಂದ ಅಡ್ಡಕ್ಕೆ ಕಟ್ಟಿದ್ದರೆ ಸ್ಟಾರ್. ಮೇಲಿನದಕ್ಕೂ ಕೆಳಗಿನದಕ್ಕೂ ಮೂರು ಪಟ್ಟಿ ಉದ್ದಕ್ಕೆ ಕೂಡಿಸಿದ್ದರೆ ಡೆಲ್ಟಾ. ಸ್ಟಾರ್‌ನಿಂದ ಡೆಲ್ಟಾಕ್ಕೆ ಬರಲು ಅಡ್ಡ ಪಟ್ಟಿ ತೆಗೆದು, ಯು1ಕ್ಕೆ ಡಬ್ಲ್ಯೂ2, ವಿ1ಕ್ಕೆ ಯು2, ಡಬ್ಲ್ಯೂ1ಕ್ಕೆ ವಿ2 ಕೂಡಿಸಬೇಕು. ಹಳೇ ಮೋಟರುಗಳಲ್ಲಿ ಎ1-ಎ2, ಬಿ1-ಬಿ2, ಸಿ1-ಸಿ2 ಎಂದು ಬರೆದಿರುತ್ತದೆ. ಅಲ್ಲಿ ಎ1-ಸಿ2, ಬಿ1-ಎ2, ಸಿ1-ಬಿ2. ಗುರುತು ಅಳಿಸಿಹೋಗಿದ್ದರೆ ಊಹೆ ಬೇಡ. ಒಂದು ಕಾಯಿಲಿನ ತಲೆ-ಬಾಲ ಅದಲುಬದಲಾದರೂ ಮೋಟರು ಗುಂಯ್‌ಗುಟ್ಟಿ ಕಾದು ಹೋಗುತ್ತದೆ. ವೈಂಡಿಂಗ್ ಅಂಗಡಿಯವರು ಅದನ್ನು ಬೇಗನೇ ಗುರುತಿಸಿ ಕೊಡುತ್ತಾರೆ.

ನೇಮ್‌ಪ್ಲೇಟಿನಲ್ಲಿ ಸ್ಟಾರ್ ಎಂದಿದ್ದು ಮೂರೇ ವೈರು ಹೊರಬಂದಿದ್ದರೆ ಸ್ಟಾರ್ ಗಂಟು ವೈಂಡಿಂಗಿನ ಒಳಗೆ ಹೂತಿದೆ ಎಂದರ್ಥ. ಮುಚ್ಚಳ ತೆಗೆದು ಆ ಗಂಟು ಹುಡುಕಿ, ಬಿಡಿಸಿ, ಮೂರು ಹೊಸ ಲೀಡು ಹೊರತರಬೇಕು. ವಾರ್ನಿಷ್ ಒಣಗಿ ಗಟ್ಟಿಯಾದ ಹಳೇ ತಂತಿ ಬಾಗಿಸುವಾಗಲೇ ಮುರಿಯಬಹುದು, ಆದ್ದರಿಂದ ಇದು ರಿವೈಂಡಿಂಗ್ ಮಾಡುವವರ ಕೆಲಸ.

ಮುಚ್ಚಳ ಹಾಕುವ ಮುನ್ನ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರು) ಹಾಕಿಸಿ. ವೈಂಡಿಂಗಿಗೂ ಬಾಡಿಗೂ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಓಡಿಸಬೇಡಿ. 10 ಮೆಗಾಓಮ್ ಮೇಲಿದ್ದರೆ ನೆಮ್ಮದಿ. ಮಳೆಗಾಲ ಪೂರ್ತಿ ತಗಡಿನ ಕೆಳಗೆ ಬಿದ್ದ ಮೋಟರು ತಂಪು ಕುಡಿದಿರುತ್ತದೆ. ಒಳಗೆ 100 ವ್ಯಾಟ್ ಹಳೇ ಬಲ್ಬು ಉರಿಸಿ ಒಂದೆರಡು ದಿನ ಒಣಗಿಸಿದರೆ ಬಹಳಷ್ಟು ಸರಿಹೋಗುತ್ತದೆ. ಮೆಗ್ಗರ್ ಹಾಕುವಾಗ ಡ್ರೈವು ಜೋಡಿಸಿರಬಾರದು. ಜೋಡಿಸಿದ್ದರೆ ಡ್ರೈವಿನ ಕಥೆ ಅಲ್ಲಿಗೇ ಮುಗಿಯಬಹುದು.

ಲೈನಿಗೆ ಎಷ್ಟು ತಾಕತ್ತಿದೆ

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಮುದ್ರಿಸಿರುತ್ತದೆ. ಮನೆ ಮೀಟರಿಗೆ ಅದು ಬಹಳ ಸಲ 1 ಅಥವಾ 2 ಕಿಲೋವ್ಯಾಟ್. 2 ಎಚ್‌ಪಿ ಮೋಟರಿನ ಕೆಲಸದ ಶಕ್ತಿ 1.5 ಕಿಲೋವ್ಯಾಟ್, ಮೋಟರಿನ ನಷ್ಟ ಸೇರಿಸಿದರೆ ಲೈನಿನಿಂದ ಎಳೆಯುವುದು ಸುಮಾರು 2. ಮನೆಯ ಫ್ರಿಜ್ಜು, ಮಿಕ್ಸರು ಬೇರೆ. ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಕೊಡಿ. ಹಾಗೆಯೇ ಮನೆ ಮೀಟರಿನ ಮೇಲೆ ದುಡಿಮೆಯ ಯಂತ್ರ ಓಡಿಸುವುದು 2003ರ ವಿದ್ಯುತ್ ಕಾಯ್ದೆಯ ಕಲಂ 126ರಲ್ಲಿ ಅನಧಿಕೃತ ಬಳಕೆ ಆಗುತ್ತದೆ, ಅನ್ವಯವಾಗುವ ದರದ ಎರಡು ಪಟ್ಟು ಹಾಕಿ ಬಿಲ್ಲು ಕೊಡುತ್ತಾರೆ. ಸ್ವಂತದ ಹವ್ಯಾಸದ ಲೇತು ಬೇರೆ, ಗಿರಾಕಿಗೆ ಕೆಲಸ ಮಾಡಿಕೊಡುವ ಲೇತು ಬೇರೆ.

ಆಮೇಲೆ ವೋಲ್ಟೇಜು ಅಳೆಯಿರಿ. ಬೆಳಿಗ್ಗೆ ಒಮ್ಮೆ, ಹೊಲದ ಪಂಪುಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ಒಮ್ಮೆ, ಸಂಜೆ ಊರೆಲ್ಲ ದೀಪ ಹಚ್ಚಿದಾಗ ಒಮ್ಮೆ. ನವಲಗುಂದ, ಮುಂಡರಗಿ ಕಡೆಯ ಉದ್ದ ಲೈನಿನ ತುದಿಯ ಊರಿನಲ್ಲಿ ಹಗಲಿಗೂ ಸಂಜೆಗೂ ದೊಡ್ಡ ಅಂತರ ಕಾಣಬಹುದು. 230 ವೋಲ್ಟಿನ ಡ್ರೈವುಗಳು ಸಾಮಾನ್ಯವಾಗಿ 170ರ ಆಸುಪಾಸಿನ ತನಕ ತಾಳುತ್ತವೆ, ಅದರ ಕೆಳಗೆ ಲೋ ವೋಲ್ಟೇಜ್ ಟ್ರಿಪ್. ಖಾಲಿ ಇದ್ದಾಗಲೇ 190 ತೋರುವ ಜಾಗದಲ್ಲಿ ಲೋಡ್ ಬಿದ್ದಾಗ ಎಷ್ಟು ಉಳಿದೀತು ಎಂದು ಮೊದಲೇ ಲೆಕ್ಕ ಹಾಕಿ.

ಮೀಟರಿನಿಂದ ಶೆಡ್ಡಿಗೆ ವೈರು ಸಣ್ಣದಿದ್ದರೂ ಇದೇ ಗೋಳು. 2.5 ಚದರ ಮಿ.ಮೀ ತಾಮ್ರದ ವೈರು ಮೀಟರಿಗೆ 7.4 ಮಿಲಿಓಮ್. 30 ಮೀಟರ್ ದೂರವೆಂದರೆ ಹೋಗಿ ಬರಲು 60 ಮೀಟರ್. 20 ಆಂಪಿಯರ್‌ಗೆ ಸುಮಾರು 9 ವೋಲ್ಟ್ ವೈರಿನಲ್ಲೇ ಹೋಯಿತು. 4 ಚದರ ಮಿ.ಮೀ ಹಾಕಿದರೆ ಐದೂವರೆಗೆ ಇಳಿಯುತ್ತದೆ.

ಅರ್ಥಿಂಗ್ ಬಗ್ಗೆ ಒಂದು ಮಾತು ಹೆಚ್ಚಾದರೂ ಹೇಳಲೇಬೇಕು. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ಚೆನ್ನಾಗಿ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಜುಲೈಯಲ್ಲಿ ಅಳೆದು ಸರಿ ಇದೆ ಎಂದದ್ದು ಏಪ್ರಿಲ್‌ನಲ್ಲಿ ಸರಿ ಇರುವುದಿಲ್ಲ. ಪೈಪಿನ ಸುತ್ತ ಬೆಂಟೊನೈಟ್ ತುಂಬಿಸಿ, ಬೇಸಿಗೆಯಲ್ಲಿ ನೀರು ಹಾಕುವ ರೂಢಿ ಇಟ್ಟುಕೊಳ್ಳಿ, ಅಳತೆಯನ್ನು ಬಿರುಬೇಸಿಗೆಯಲ್ಲಿ ಮಾಡಿಸಿ. 5 ಓಮ್ ಒಳಗೆ ಇರಲಿ. ನ್ಯೂಟ್ರಲ್ ಸಿಗದ ಕಡೆ ಅರ್ಥನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಹಳ್ಳಿಯ ಉಪಾಯ ಯಂತ್ರದ ಕೆಲಸಕ್ಕೆ ಎಂದಿಗೂ ಬೇಡ. ಆ ಪೈಪಿನ ಹತ್ತಿರ ಹಸಿ ನೆಲದಲ್ಲಿ ನಿಂತ ಮನುಷ್ಯ, ದನ ಎರಡೂ ಸತ್ತಾವು.

2 ಎಚ್‌ಪಿವರೆಗೆ: ಡ್ರೈವಿನ ಹಾದಿ

ಲೇತು, ಮಿಲ್ಲಿಂಗ್, ಡ್ರಿಲ್ಲು, ಬೆಲ್ಟ್ ಸ್ಯಾಂಡರ್, ಬೆಟಗೇರಿಯ ಮಗ್ಗಗಳಂಥ ಒಂದು ಎಚ್‌ಪಿ ಒಳಗಿನ ಮೋಟರು, ಇವೆಲ್ಲಕ್ಕೂ ಡ್ರೈವೇ ಸರಿ. ವೇಗ ಹೊಂದಿಸುವ ಸೌಲಭ್ಯ ಪುಕ್ಕಟೆ ಬರುತ್ತದೆ, ಸ್ಟಾರ್ಟಿಂಗ್‌ನಲ್ಲಿ ಮನೆಯ ದೀಪ ಮಂಕಾಗುವುದಿಲ್ಲ.

ಡ್ರೈವನ್ನು ಎಚ್‌ಪಿ ನೋಡಿ ಕೊಳ್ಳಬೇಡಿ, ಹೊರಹರಿವಿನ ಆಂಪಿಯರ್ ನೋಡಿ ಕೊಳ್ಳಿ. ಸ್ಟಾರ್‌ನಲ್ಲಿ ಬರೆದ ಆಂಪಿಯರನ್ನು 1.73ರಿಂದ ಗುಣಿಸಿದರೆ ಡೆಲ್ಟಾದ ಆಂಪಿಯರ್. 1 ಎಚ್‌ಪಿಗೆ 415ರಲ್ಲಿ ಸುಮಾರು 2 ಆಂಪಿಯರ್, ಡೆಲ್ಟಾದಲ್ಲಿ ಮೂರೂವರೆ. 2 ಎಚ್‌ಪಿಗೆ ಮೂರೂವರೆ, ಡೆಲ್ಟಾದಲ್ಲಿ ಆರು. ಹಳೇ ಮೋಟರು ಹೊಸದಕ್ಕಿಂತ ಹೆಚ್ಚು ಎಳೆಯುತ್ತದೆ, ಅದರ ನೇಮ್‌ಪ್ಲೇಟೇ ಪ್ರಮಾಣ. 2 ಎಚ್‌ಪಿಗೆ 1.5 ಕಿಲೋವ್ಯಾಟ್ ಡ್ರೈವು ಸಾಕಾಗುತ್ತದೆ. ಕಂಪ್ರೆಸರ್, ಗಿರಣಿಯಂಥ ಭಾರದ ಸ್ಟಾರ್ಟಿಂಗ್ ಇದ್ದರೆ ಒಂದು ಸೈಜು ಮೇಲಿನದು, 2.2 ಕಿಲೋವ್ಯಾಟ್.

ಒಳಹರಿವಿನ ಆಂಪಿಯರ್ ನೋಡಿ ಹಲವರು ಗಾಬರಿಯಾಗುತ್ತಾರೆ: 0.75 ಕಿಲೋವ್ಯಾಟ್ ಡ್ರೈವಿಗೆ 9ರ ಸುಮಾರು, 1.5ಕ್ಕೆ 15-16, 2.2ಕ್ಕೆ 23-24 ಆಂಪಿಯರ್. ಎಸಿಯನ್ನು ಡಿಸಿ ಮಾಡುವ ಡ್ರೈವಿನ ರೆಕ್ಟಿಫೈಯರ್ ಅಲೆಯ ತುದಿಯಲ್ಲಿ ಮಾತ್ರ ಕರೆಂಟು ಹೀರುವುದರಿಂದ ಹೀಗೆ. ಅದಕ್ಕೆ ತಕ್ಕ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚು) ಕ್ರಮವಾಗಿ 16, 20 ಅಥವಾ 25, ಮತ್ತು 32 ಆಂಪಿಯರ್, ಸಿ ಕರ್ವ್, ಎರಡು ಪೋಲಿನದು. ವೈರು ಮೊದಲಿನದಕ್ಕೆ 2.5, ಎರಡನೆಯದಕ್ಕೆ 4, ಮೂರನೆಯದಕ್ಕೆ 6 ಚದರ ಮಿ.ಮೀ, ದೂರವಿದ್ದರೆ ಒಂದು ಸೈಜು ಮೇಲಿನದು. ಅಡುಗೆಮನೆಯ 16 ಆಂಪಿಯರ್ ಸಾಕೆಟ್ಟಿಗೆ 2 ಎಚ್‌ಪಿ ಡ್ರೈವು ಚುಚ್ಚಿದರೆ ಸಾಕೆಟ್ಟು ಕರಗುತ್ತದೆ.

ಈಗ ಜೋಡಣೆ, ಈ ಕ್ರಮದಲ್ಲೇ:

1. ಡ್ರೈವನ್ನು ಯಂತ್ರದ ಮೈಮೇಲೆ ಬೇಡ, ಗೋಡೆಗೆ ನೆಟ್ಟಗೆ ಕೂಡಿಸಿ. ಮೇಲೆ ಕೆಳಗೆ 10 ಸೆಂ.ಮೀ ಖಾಲಿ ಬಿಡಿ. ಗ್ರೈಂಡರಿನ ಕಬ್ಬಿಣದ ಧೂಳು ಒಳಗೆ ಹೋದರೆ ಶಾರ್ಟ್, ಹತ್ತಿಯ ಎಳೆ ಮತ್ತು ಖಾರದ ಪುಡಿ ಹೀಟ್‌ಸಿಂಕ್ ಮುಚ್ಚಿದರೆ ಕಾವು. ಧೂಳಿನ ಜಾಗದಲ್ಲಿ ಫಿಲ್ಟರ್ ಫ್ಯಾನ್ ಇರುವ ದೊಡ್ಡ ಪೆಟ್ಟಿಗೆಯೊಳಗೆ ಇಡಿ. ಹೆಚ್ಚಿನ ಡ್ರೈವುಗಳ ಪೂರ್ತಿ ತಾಕತ್ತು 40 ಡಿಗ್ರಿವರೆಗೆ ಮಾತ್ರ. ಮೇ ತಿಂಗಳಲ್ಲಿ ತಗಡಿನ ಶೆಡ್ಡು ಅದನ್ನು ಮಧ್ಯಾಹ್ನಕ್ಕೇ ದಾಟುತ್ತದೆ.

2. ಎಂಸಿಬಿಯಿಂದ ಫೇಸ್ ಮತ್ತು ನ್ಯೂಟ್ರಲ್ ಡ್ರೈವಿನ ಒಳಹರಿವಿಗೆ. ಒಳಹರಿವು ಯಾವುದು, ಹೊರಹರಿವು ಯಾವುದು ಎಂದು ಎರಡು ಸಲ ನೋಡಿ. ಯು, ವಿ, ಡಬ್ಲ್ಯೂ ಎಂದು ಬರೆದ ಕಡೆಗೆ ಲೈನು ಕೊಟ್ಟರೆ ಡ್ರೈವು ಆ ಕ್ಷಣವೇ ಸುಡುತ್ತದೆ, ವಾರಂಟಿಯೂ ಸಿಗದು.

3. ಡ್ರೈವಿನಿಂದ ಮೋಟರಿಗೆ ನೇರವಾಗಿ ನಾಲ್ಕು ಎಳೆಯ ಕೇಬಲ್: ಮೂರು ಫೇಸು, ಒಂದು ಅರ್ಥ್. ನಡುವೆ ಸ್ವಿಚ್ಚು, ಕಾಂಟ್ಯಾಕ್ಟರ್ (ಕಾಯಿಲಿನಿಂದ ನಡೆಯುವ ಸ್ವಿಚ್ಚು), ಕಂಡೆನ್ಸರ್ ಅಂದರೆ ಕೆಪಾಸಿಟರ್, ಯಾವುದೂ ಇರಬಾರದು. ಓಡುವಾಗ ನಡುವೆ ಸ್ವಿಚ್ ಬಿಚ್ಚಿ ಹಾಕಿದರೆ ಡ್ರೈವಿನ ಟ್ರಾನ್ಸಿಸ್ಟರ್‌ಗಳಿಗೆ ಪೆಟ್ಟು.

4. ಲೇತಿನ ಹಳೇ ಫಾರ್ವರ್ಡ್-ರಿವರ್ಸ್ ಡ್ರಮ್ ಸ್ವಿಚ್ಚನ್ನು ಪವರ್ ದಾರಿಯಿಂದ ಕಿತ್ತುಹಾಕಿ. ಅದರ ಹಿಡಿಕೆ ಉಳಿಸಿಕೊಂಡು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೆ ಜೋಡಿಸಬಹುದು, ಆದರೆ ಕಪ್ಪಾದ ದೊಡ್ಡ ಕಾಂಟ್ಯಾಕ್ಟುಗಳಲ್ಲಿ ಕಂಟ್ರೋಲ್‌ನ 24 ವೋಲ್ಟು, ಕೆಲವೇ ಮಿಲಿಆಂಪಿಯರ್ ಸರಿಯಾಗಿ ಹಾಯುವುದಿಲ್ಲ. ಹೊಸ ಮೂರು ಸ್ಥಾನದ ಸೆಲೆಕ್ಟರ್ ಸ್ವಿಚ್ ಹಾಕುವುದೇ ಲೇಸು. ವೇಗಕ್ಕೆ 5 ಅಥವಾ 10 ಕಿಲೋಓಮ್ ಪೊಟೆನ್ಶಿಯೋಮೀಟರ್.

5. ತುರ್ತಾಗಿ ನಿಲ್ಲಿಸುವ ಕೆಂಪು ಅಣಬೆ ಬಟನ್ ಕೈಗೆ ಎಟಕುವ ಜಾಗದಲ್ಲಿ. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗದಂತೆ ಡ್ರೈವಿನ ಆಟೋ ರೀಸ್ಟಾರ್ಟ್ ಬಂದ್ ಇರಬೇಕು. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಇದನ್ನು ಮರೆತರೆ ಚಕ್ಕಿನಲ್ಲಿ ಕೈಯಿಟ್ಟಾಗಲೇ ಲೇತು ಎದ್ದೀತು.

6. ಯಂತ್ರದಲ್ಲಿ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್, ದೀಪ, ಕೂಲಂಟ್ ಪಂಪು ಇದ್ದರೆ ಅವಕ್ಕೆ ಡ್ರೈವಿನ ಹೊರಹರಿವಿನಿಂದ ಕರೆಂಟು ಕೊಡಬಾರದು. ಟ್ರಾನ್ಸ್‌ಫಾರ್ಮರಿನ 230 ಟ್ಯಾಪಿಗೆ ನೇರ ಲೈನು ಕೊಡಿ, 415 ವೋಲ್ಟಿನ ಕಾಂಟ್ಯಾಕ್ಟರ್ ಕಾಯಿಲನ್ನು 230ರದಕ್ಕೆ ಬದಲಿಸಿ, ಕೂಲಂಟಿಗೆ ಸಣ್ಣ ಸಿಂಗಲ್ ಫೇಸ್ ಪಂಪು ತನ್ನಿ.

ಕರೆಂಟು ಕೊಟ್ಟ ಮೇಲೆ ಪ್ಯಾರಾಮೀಟರ್. ಪುಸ್ತಕದಲ್ಲಿ ನೂರಾರು ಇರುತ್ತವೆ, ಬೇಕಾದವು ಎಂಟು ಹತ್ತು. ಮೋಟರ್ ವೋಲ್ಟೇಜು 230, ಬೇಸ್ ಫ್ರೀಕ್ವೆನ್ಸಿ 50, ಗರಿಷ್ಠ 50, ಕನಿಷ್ಠ 15 ಅಥವಾ 20. ಮೋಟರ್ ಕರೆಂಟು: ಡೆಲ್ಟಾದ ಲೆಕ್ಕ ಹಾಕಿದ ಆಂಪಿಯರ್. ಇದನ್ನು ಫ್ಯಾಕ್ಟರಿ ಇಟ್ಟಿದ್ದಕ್ಕೆ ಬಿಟ್ಟರೆ ಮೋಟರ್ ಸುಡುವ ತನಕ ಡ್ರೈವು ಸುಮ್ಮನಿರುತ್ತದೆ. ವೇಗ ಏರುವ ಸಮಯ 3ರಿಂದ 5 ಸೆಕೆಂಡು, ಕಲ್ಲಿನ ಗಿರಣಿಗೆ 8-10. ಇಳಿಯುವ ಸಮಯ 5ರಿಂದ ಶುರುಮಾಡಿ. ಕ್ಯಾರಿಯರ್, ಅಂದರೆ ಡ್ರೈವಿನ ಟ್ರಾನ್ಸಿಸ್ಟರುಗಳು ಆನ್-ಆಫ್ ಆಗುವ ವೇಗ, 4ರಿಂದ 6 ಕಿಲೋಹರ್ಟ್ಜ್. ಕಿವಿಗೆ ಕೀರಲು ಕೇಳುತ್ತದೆಂದು 12ಕ್ಕೆ ಏರಿಸಿದರೆ ಡ್ರೈವು ಬಿಸಿಯಾಗುತ್ತದೆ.

ಬೆಲ್ಟ್ ಕಳಚಿ ಮೊದಲ ಓಟ. ದಿಕ್ಕು ತಿರುವುಮುರುವಾಗಿದ್ದರೆ ಕರೆಂಟು ತೆಗೆದು, ಡ್ರೈವಿನ ಚಾರ್ಜ್ ದೀಪ ಆರಿದ ಮೇಲೂ ಹತ್ತು ನಿಮಿಷ ಕಾದು, ಮೋಟರಿನ ಯಾವುದಾದರೂ ಎರಡು ವೈರು ಅದಲುಬದಲು ಮಾಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತದೆ, ಅವಸರ ಮಾಡಿದವರನ್ನು ಅದು ಬಿಡುವುದಿಲ್ಲ. ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ಹೆಚ್ಚುಕಡಿಮೆ ಸಮ ಬರಬೇಕು. ಒಂದರಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದ್ದರೆ ಡಬ್ಬಿಯ ಪಟ್ಟಿ ತಪ್ಪಿದೆ. ಆಮೇಲೆ ಬೆಲ್ಟು, ಹದಿನೈದು ನಿಮಿಷ ಖಾಲಿ ಓಟ, ಆಮೇಲೆ ಹಗುರ ಕಟ್.

ವೇಗದ ಗುಬುಟು ಸಿಕ್ಕಿತೆಂದು ಗೇರು, ಪುಲ್ಲಿ ಮರೆಯಬೇಡಿ. 25 ಹರ್ಟ್ಜ್‌ಗೆ ಇಳಿಸಿದರೆ ಮೋಟರಿನ ಶಕ್ತಿಯೂ ಅರ್ಧ, ಅದರ ಹಿಂಬದಿಯ ಫ್ಯಾನಿನ ಗಾಳಿಯೂ ಕಡಿಮೆ. ದಪ್ಪ ಕಟ್ ತೆಗೆಯುವಾಗ ಬ್ಯಾಕ್ ಗೇರು ಹಾಕಿ, ಡ್ರೈವು 40-50 ಹರ್ಟ್ಜ್‌ನಲ್ಲಿರಲಿ. ಮೇಲಕ್ಕೆ ಹೋಗುವ ಆಸೆಯೂ ಬೇಡ: ಗ್ರೈಂಡಿಂಗ್ ಚಕ್ರದ ಮೇಲೆ ಬರೆದ ವೇಗ ದಾಟಿದರೆ ಚಕ್ರ ಒಡೆದು ಚೂರು ಹಾರುತ್ತದೆ.

3 ಎಚ್‌ಪಿ, ಡೆಲ್ಟಾ ಮೋಟರು: ಇಲ್ಲಿ ತಲೆ ಓಡಿಸಬೇಕು

ನಾಲ್ಕು ದಾರಿ ಇವೆ. ಎಲ್ಲಕ್ಕಿಂತ ಅಗ್ಗದ್ದು ಮೋಟರಿನ ಒಳಗಿನ ಜೋಡಣೆ ಬದಲಿಸುವುದು. ನಾಲ್ಕು ಪೋಲಿನ ಮೋಟರಿನಲ್ಲಿ ಒಂದೊಂದು ಫೇಸಿನ ಕಾಯಿಲ್ ಗುಂಪುಗಳು ಸೀರೀಸ್‌ನಲ್ಲಿ ಇದ್ದರೆ, ರಿವೈಂಡಿಂಗ್ ಮಾಡುವವರು ಅವನ್ನು ಎರಡು ಸಮಾಂತರ ದಾರಿಯಾಗಿ ಕಟ್ಟಿಕೊಡಬಲ್ಲರು. ಆಗ 415 ಡೆಲ್ಟಾ ಮೋಟರು 207 ವೋಲ್ಟ್ ಡೆಲ್ಟಾ ಆಗುತ್ತದೆ. ಡ್ರೈವಿನಲ್ಲಿ ಬೇಸ್ ವೋಲ್ಟೇಜು 207 ಎಂದು ಬರೆದರೆ ಮುಗಿಯಿತು. ಲೈನು 210ಕ್ಕೆ ಕುಸಿದಾಗಲೂ ಪೂರ್ತಿ ಟಾರ್ಕ್ ಸಿಗುವುದು ಇದರ ಹೆಚ್ಚುಗಾರಿಕೆ. ಆಂಪಿಯರ್ ಎರಡರಷ್ಟು, ಐದಿದ್ದದ್ದು ಹತ್ತು. 2.2 ಕಿಲೋವ್ಯಾಟ್‌ನ 230 ವೋಲ್ಟ್ ಡ್ರೈವು ಸಾಮಾನ್ಯವಾಗಿ ಅಷ್ಟಕ್ಕೆ ಸರಿಯಾಗಿರುತ್ತದೆ, ಹಳೇ ಮೋಟರಾದರೆ ಒಂದು ಸೈಜು ಮೇಲೆ ಹೋಗಿ. ಫೇಸಿನ ಗುಂಪುಗಳು ಮೊದಲೇ ಸಮಾಂತರದಲ್ಲಿದ್ದರೆ ಈ ಉಪಾಯ ನಡೆಯದು. ಮೋಟರು ಹೇಗೂ ಸುಟ್ಟಿದ್ದರೆ ಮಾತ್ರ 240 ಡೆಲ್ಟಾಕ್ಕೆ ಹೊಸದಾಗಿಯೇ ಸುತ್ತಿಸಿ: ಸುತ್ತು ಮೂಲದ ಶೇ 58ರಷ್ಟು, ತಂತಿಯ ಅಡ್ಡಳತೆಯ ಕ್ಷೇತ್ರ 1.73 ಪಟ್ಟು.

ಎರಡನೆಯದು 230ರಿಂದ 415ಕ್ಕೆ ಏರಿಸುವ 5 ಕೆವಿಎ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್, ಅದರ ಹಿಂದೆ 415 ವೋಲ್ಟಿನ ತ್ರೀ ಫೇಸ್ ಡ್ರೈವು. ಮೋಟರನ್ನು ಮುಟ್ಟುವಂತಿಲ್ಲ ಎಂದಾಗ ಇದು. ಮೂರು ಫೇಸು ಬೇಡುವ ಡ್ರೈವಿಗೆ ಎರಡೇ ವೈರು ಕೊಟ್ಟರೆ ಅದರ ಕೆಪಾಸಿಟರುಗಳ ಮೇಲೆ ಭಾರ ಹೆಚ್ಚುವುದರಿಂದ ಅರ್ಧ ತಾಕತ್ತಿಗೇ ಬಳಸಬೇಕು. 2.2 ಕಿಲೋವ್ಯಾಟ್ ಮೋಟರಿಗೆ 5.5 ಕಿಲೋವ್ಯಾಟ್ ಡ್ರೈವು ಕೊಳ್ಳಿ. ಒಳಹರಿವಿನ ಫೇಸ್ ಲಾಸ್ ಎಚ್ಚರಿಕೆಯನ್ನು ಬಂದ್ ಮಾಡಲು ಬರುತ್ತದೆಯೇ, ಯಾವ ಎರಡು ಟರ್ಮಿನಲ್ ಬಳಸಬೇಕು ಎಂದು ಕೊಳ್ಳುವ ಮುನ್ನವೇ ಮ್ಯಾನ್ಯುಯಲ್ ನೋಡಿ. ಟ್ರಾನ್ಸ್‌ಫಾರ್ಮರ್ ಆನ್ ಮಾಡಿದ ಕ್ಷಣದ ಎಳೆತಕ್ಕೆ ಸಿ ಕರ್ವ್ ಎಂಸಿಬಿ ಬೀಳುತ್ತದೆ, ಡಿ ಕರ್ವ್ ಹಾಕಿ.

ಮೂರನೆಯದು 220 ಒಳಗೆ, 380 ಹೊರಗೆ ಎಂದು ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟ್ ಡ್ರೈವು. ಕೆಲಸ ಮಾಡುತ್ತವೆ, ಆದರೆ ಪೆಟ್ಟಿಗೆಯ ಮೇಲಿನ ಕಿಲೋವ್ಯಾಟನ್ನು ನಂಬಿ ಕೊಳ್ಳುವಂತಿಲ್ಲ. ಎರಡು ಪಟ್ಟು ದೊಡ್ಡದು ತಗೊಳ್ಳಿ, ರಿಪೇರಿಗೆ ಯಾರಿದ್ದಾರೆ ಎಂದು ಮೊದಲೇ ಕೇಳಿ.

ನಾಲ್ಕನೆಯದು ಮೋಟರನ್ನೇ ಬದಲಿಸುವುದು. ಹಿಟ್ಟಿನ ಗಿರಣಿ, ಹ್ಯಾಕ್ಸಾ, ಒಂದೇ ವೇಗದ ಯಂತ್ರಗಳಿಗೆ 3 ಎಚ್‌ಪಿ ಸಿಂಗಲ್ ಫೇಸ್ ಮೋಟರು ಎಲ್ಲ ಕಡೆ ಸಿಗುತ್ತದೆ, ಹಳ್ಳಿಯ ಮೆಕ್ಯಾನಿಕ್ಕೂ ರಿಪೇರಿ ಮಾಡಬಲ್ಲ. ಕೊಳ್ಳುವ ಮುನ್ನ ಫ್ರೇಮ್ ಅಳತೆ ನೋಡಿ. ನಾಲ್ಕು ಪೋಲಿನ 3 ಎಚ್‌ಪಿ ತ್ರೀ ಫೇಸ್ ಮೋಟರು ಸಾಮಾನ್ಯವಾಗಿ 100 ಫ್ರೇಮು, ಶಾಫ್ಟ್ 28 ಮಿ.ಮೀ. ಸಿಂಗಲ್ ಫೇಸಿನದು ಬಹಳ ಸಲ ಒಂದು ಫ್ರೇಮ್ ದೊಡ್ಡದು, ಕಾಲಿನ ತೂತು ಕೂಡುವುದಿಲ್ಲ. ಗಿರಣಿಗೆ ನಮ್ಮ ಓಟು ಇದಕ್ಕೇ. ಜೋಳದ ಹಿಟ್ಟಿಗೆ ವೇಗ ಹೊಂದಿಸುವ ಡ್ರೈವಿನಿಂದ ದೊಡ್ಡ ಲಾಭವೇನಿಲ್ಲ.

ಕಂಡೆನ್ಸರ್ ಹಾದಿ

ಹೊಲದಲ್ಲಿ ಒಂದು ಫೇಸು ಇಲ್ಲದಾಗ ಕಂಡೆನ್ಸರ್ ಹಾಕಿ ಪಂಪು ಓಡಿಸುವುದನ್ನು ನೋಡಿದವರು ಶೆಡ್ಡಿನಲ್ಲೂ ಅದನ್ನೇ ಕೇಳುತ್ತಾರೆ. ಪಂಪಿನ ಲೋಡ್ ದಿನವಿಡೀ ಒಂದೇ ಸಮ, ಕಂಡೆನ್ಸರನ್ನು ಅದಕ್ಕೆ ಹೊಂದಿಸಬಹುದು. ಲೇತಿನ ಲೋಡ್ ಕ್ಷಣಕ್ಕೊಂದು ಥರ. ಪೂರ್ತಿ ಲೋಡಿಗೆ ಹೊಂದಿಸಿದ ಕಂಡೆನ್ಸರು ಖಾಲಿ ಓಟದಲ್ಲಿ ಒಂದು ಕಾಯಿಲಿಗೆ ಹೆಚ್ಚು ಕರೆಂಟು ನೂಕುತ್ತದೆ, ಏನೂ ಕೊಯ್ಯದೆ ಮೋಟರು ಕಾದಿರುವುದು ಅದರಿಂದಲೇ. ಆದ್ದರಿಂದ ಇದು 1 ಎಚ್‌ಪಿ ಒಳಗಿನ, ಹಗುರವಾಗಿ ಶುರುವಾಗುವ, ಬ್ಲೋವರ್, ಪಾಲಿಶ್ ಚಕ್ರದಂಥ ಯಂತ್ರಕ್ಕೆ ಮಾತ್ರ.

ಮೋಟರನ್ನು ಡೆಲ್ಟಾಕ್ಕೆ ಬದಲಿಸಿ. ಯು1ಕ್ಕೆ ಫೇಸು, ವಿ1ಕ್ಕೆ ನ್ಯೂಟ್ರಲ್, ಡಬ್ಲ್ಯೂ1ರಿಂದ ಇವೆರಡರಲ್ಲಿ ಒಂದಕ್ಕೆ ಕಂಡೆನ್ಸರ್. ದಿಕ್ಕು ಬದಲಿಸಬೇಕೆಂದರೆ ಕಂಡೆನ್ಸರನ್ನು ಇನ್ನೊಂದಕ್ಕೆ ಸರಿಸಿ. ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್, ಹಾಗಾಗಿ 1 ಎಚ್‌ಪಿಗೆ 50. 440 ವೋಲ್ಟ್ ಎಸಿಯ ರನ್ ಕಂಡೆನ್ಸರೇ ಆಗಬೇಕು. ಅಡ್ಡಕ್ಕೆ 100 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಹಾಕಿದರೆ ಬಂದ್ ಮಾಡಿದ ಮೇಲೆ ಕೈಗೆ ಹೊಡೆಯುವುದಿಲ್ಲ. ಎದ್ದೇಳದಿದ್ದರೆ ಇನ್ನೊಂದು 100 ಮೈಕ್ರೋಫ್ಯಾರಡ್ ಸ್ಟಾರ್ಟ್ ಕಂಡೆನ್ಸರನ್ನು ಪುಶ್ ಬಟನ್ ಮೂಲಕ ಒಂದೆರಡು ಸೆಕೆಂಡು ಕೊಟ್ಟು ಬಿಡಬೇಕು. ಸಿಗುವ ಶಕ್ತಿ ನೇಮ್‌ಪ್ಲೇಟಿನ ಮೂರನೇ ಎರಡು ಪಾಲು. ಕೆಲಸದ ಲೋಡಿನಲ್ಲಿ ಮೂರೂ ವೈರಿನ ಆಂಪಿಯರ್ ಅಳೆದು, ಯಾವುದೂ ಡೆಲ್ಟಾದ ಮಿತಿ ದಾಟದಂತೆ ಕಂಡೆನ್ಸರ್ ಹೆಚ್ಚುಕಡಿಮೆ ಮಾಡಿ.

ದೊಡ್ಡ ಮೋಟರೊಂದನ್ನು ಖಾಲಿ ಓಡಿಸಿ ಅದರಿಂದ ಮೂರನೇ ಫೇಸು ತೆಗೆಯುವ ರೋಟರಿ ಕನ್ವರ್ಟರ್ ಅಮೆರಿಕದ ಗ್ಯಾರೇಜುಗಳಲ್ಲಿ ಬಹಳ ಚಾಲ್ತಿಯಲ್ಲಿದೆ. ಅಲ್ಲಿನ ಯಂತ್ರಗಳು 230 ವೋಲ್ಟಿನವು. ನಮ್ಮ 415ಕ್ಕೆ ಮತ್ತೆ ಟ್ರಾನ್ಸ್‌ಫಾರ್ಮರ್ ಬೇಕು, ಖಾಲಿ ಮೋಟರಿನ ಸ್ಟಾರ್ಟಿಂಗ್ ಎಳೆತವನ್ನು ಹಳ್ಳಿಯ ಸಿಂಗಲ್ ಫೇಸ್ ಲೈನು ತಾಳುವುದಿಲ್ಲ. ಬಿಟ್ಟುಬಿಡಿ.

ಏನು ಕೆಡುತ್ತದೆ, ಯಾಕೆ

ನಿಲ್ಲಿಸುವಾಗ ಓವರ್ ವೋಲ್ಟೇಜ್ ಟ್ರಿಪ್: ಭಾರದ ಚಕ್ಕು ತಿರುಗುತ್ತ ಮೋಟರನ್ನು ಜನರೇಟರ್ ಮಾಡಿ ಡ್ರೈವಿಗೆ ಕರೆಂಟು ಹಿಂದೆ ನೂಕುತ್ತಿದೆ. ಇಳಿಯುವ ಸಮಯ 8-10 ಸೆಕೆಂಡಿಗೆ ಏರಿಸಿ, ಅಥವಾ ಮ್ಯಾನ್ಯುಯಲ್‌ನಲ್ಲಿ ಹೇಳಿದ ಓಮ್‌ಗಿಂತ ಕಡಿಮೆಯಿಲ್ಲದ ಬ್ರೇಕ್ ರೆಸಿಸ್ಟರ್ ಹಾಕಿ. ಚಕ್ಕು ಥ್ರೆಡ್ಡಿನ ಮೇಲೆ ಕೂಡುವ ಹಳೇ ಲೇತಿಗೆ ಥಟ್ಟನೆ ಬ್ರೇಕು, ಥಟ್ಟನೆ ರಿವರ್ಸ್ ಎರಡೂ ಬೇಡ. ಚಕ್ಕು ಬಿಚ್ಚಿಕೊಂಡು ಉರುಳುತ್ತದೆ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ಬೀಳುವ ರಕ್ಷಣಾ ಸ್ವಿಚ್ಚು) ಸುಮ್ಮಸುಮ್ಮನೆ ಬಿದ್ದರೆ ಡ್ರೈವಿನ ಫಿಲ್ಟರಿನಿಂದ ಅರ್ಥಿಗೆ ಸೋರುವ ಸಣ್ಣ ಕರೆಂಟು ಕಾರಣ. ಆರ್‌ಸಿಸಿಬಿ ಕಿತ್ತುಹಾಕುವುದು ಉತ್ತರವಲ್ಲ. ಡ್ರೈವಿಗೆ ಬೇರೆ ಸರ್ಕ್ಯೂಟು ಮಾಡಿ, ಡ್ರೈವ್ ತಯಾರಕರು ಹೇಳಿದ ಮಾದರಿಯ ಆರ್‌ಸಿಸಿಬಿ ಹಾಕಿಸಿ. ಕೇಬಲ್ ಚಿಕ್ಕದು ಮಾಡಿ, ಕ್ಯಾರಿಯರ್ ಇಳಿಸಿದರೂ ಸೋರಿಕೆ ತಗ್ಗುತ್ತದೆ.

ಸಂಜೆ ಮಾತ್ರ ಲೋ ವೋಲ್ಟೇಜ್ ಟ್ರಿಪ್ ಆದರೆ ತಪ್ಪು ಡ್ರೈವಿನದಲ್ಲ, ಲೈನಿನದು. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರಿನ ಸಡಿಲ ಕೂಡಿಕೆ ಮೊದಲು ನೋಡಿಸಿ. ಲೋಡ್ ಬಿದ್ದಾಗ ಎಂಸಿಬಿ ಬೆಚ್ಚಗಾಗುವುದೂ ಸಡಿಲ ಸ್ಕ್ರೂನ ಗುರುತು.

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತ ಡ್ರೈವಿಗೆ ಒಮ್ಮೆಲೇ ಪೂರ್ತಿ ಕರೆಂಟು ಕೊಡಬೇಡಿ. ಕೆಪಾಸಿಟರುಗಳು ಸಪ್ಪೆಯಾಗಿರುತ್ತವೆ. ವೋಲ್ಟೇಜು ಹೆಚ್ಚುಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್, ಅಂದರೆ ವೇರಿಯಾಕ್ ಇದ್ದರೆ ನಿಧಾನ ಏರಿಸಿ.

5 ಎಚ್‌ಪಿ ಆದಮೇಲೆ

ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡುವ ಪಲ್ವರೈಸರ್, 5 ಎಚ್‌ಪಿ ಕಂಪ್ರೆಸರ್, ಎರಡು ಮೂರು ಯಂತ್ರ ಒಟ್ಟಿಗೆ ಓಡುವ ಅಂಗಡಿ, ಇವಕ್ಕೆ ಸಿಂಗಲ್ ಫೇಸ್ ಸರ್ಕಸ್ ಬೇಡ. 3.7 ಕಿಲೋವ್ಯಾಟ್ ಡ್ರೈವು ಒಂದು ಫೇಸಿನಿಂದ 35 ಆಂಪಿಯರ್ ಮೇಲೆ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್, ಡ್ರೈವು, ದಪ್ಪ ವೈರು ಕೂಡಿಸಿದ ಖರ್ಚಿನ ಪಟ್ಟಿ ಬರೆದು ಪಕ್ಕದಲ್ಲಿ ಹೆಸ್ಕಾಂ ಉಪವಿಭಾಗದಿಂದ ತ್ರೀ ಫೇಸ್ ಸಂಪರ್ಕದ ಅಂದಾಜು ಇಟ್ಟು ನೋಡಿ. ತ್ರೀ ಫೇಸ್ ಕಂಬ ಓಣಿಯಲ್ಲೇ ಇದ್ದರೆ ಸಂಪರ್ಕವೇ ಗೆಲ್ಲುತ್ತದೆ. ಕಂಬ ದೂರವಿದ್ದರೆ ಲೈನ್ ಎಳೆಯುವ ಖರ್ಚು ಲೆಕ್ಕ ಕೆಡಿಸುತ್ತದೆ, ಆಗ ಯಂತ್ರವನ್ನು 3 ಎಚ್‌ಪಿಗೆ ಇಳಿಸುವುದು ಜಾಣತನ.

ಸಂಪರ್ಕ ಬಂದ ದಿನ ಮಾಡಬೇಕಾದ್ದು ಒಂದಿದೆ. 230ಕ್ಕೆಂದು ಡೆಲ್ಟಾ ಮಾಡಿದ ಮೋಟರುಗಳ ಡಬ್ಬಿ ಮತ್ತೆ ಬಿಚ್ಚಿ ಪಟ್ಟಿಗಳನ್ನು ಸ್ಟಾರ್‌ಗೆ ತಿರುಗಿಸಬೇಕು. ಡೆಲ್ಟಾದಲ್ಲೇ ಬಿಟ್ಟು 415 ಕೊಟ್ಟರೆ ಕಾಯಿಲಿಗೆ ಬೇಕಾದ್ದಕ್ಕಿಂತ 1.73 ಪಟ್ಟು ವೋಲ್ಟೇಜು ಬಿದ್ದು ಕೆಲವೇ ನಿಮಿಷದಲ್ಲಿ ವಾರ್ನಿಷ್ ವಾಸನೆ ಬರುತ್ತದೆ. 207ಕ್ಕೆ ಕಟ್ಟಿಸಿದ 3 ಎಚ್‌ಪಿ ಮೋಟರಿಗೂ ಮೂಲ ಜೋಡಣೆ ಮರಳಿ ಮಾಡಿಸಬೇಕು. ಅಷ್ಟು ಹೊತ್ತಿಗೆ ವೈರ್‌ಮನ್ ಬದಲಾಗಿರುತ್ತಾನೆ, ಯಂತ್ರ ಕೈ ಬದಲಾಗಿರಲೂಬಹುದು. ಪಟ್ಟಿ ಬದಲಿಸಿದ ದಿನವೇ ಮುಚ್ಚಳದ ಒಳಗೂ ಹೊರಗೂ ಬಣ್ಣದಲ್ಲಿ ದೊಡ್ಡದಾಗಿ ಬರೆದಿಡಿ: “ಡೆಲ್ಟಾ, 230 ವೋಲ್ಟ್ ಮಾತ್ರ”.